ಒಳಗಿನ ಅಡುಗೆಮನೆಗೆ ಒಂದು ಕಲ್ಲು

ಹನ್ನೊಂದು ಕಲ್ಲಿನ ಬಿಲ್ಲೆಗಳು ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಸಾಲಾಗಿ ಕೂತು ವಾರ ಕಳೆದಿತ್ತು. ಒಂದೊಂದೂ ಅಂಗೈಯಗಲ. ಬೆಳಿಗ್ಗೆ ನಿಂಬೆಗಿಡದ ಎಲೆಗಳ ಸಂದಿಯಿಂದ ಬಿಸಿಲು ಒಳಗೆ ಬಿದ್ದಾಗ ಅವು ಈಗಷ್ಟೇ ನಿದ್ದೆಯಿಂದ ಎದ್ದವರ ಮುಖದ ಹಾಗೆ ತುಸು ಊದಿಕೊಂಡು ಮೆತ್ತಗೆ ಕಾಣುತ್ತಿದ್ದವು. ಮಧ್ಯಾಹ್ನ ಬರೀ ಕಲ್ಲು. ಸಂಜೆ ನಾಲ್ಕಾದ ಮೇಲೆ ಎದುರುಮನೆಯ ತಗಡಿನ ಮಾಡಿಗೆ ಬಡಿದ ಬೆಳಕು ಹಿಂದಕ್ಕೆ ಚಿಮ್ಮಿ ಬರುವಾಗ ಅವುಗಳ ಒಳಗೆ ಏನೋ ಹರಿದಾಡುತ್ತಿತ್ತು. ಬಿಳಿಯದರಲ್ಲಿ ಹಾಲು ಕದಡಿದ ಹಾಗೆ. ಬೂದಿ ಬಣ್ಣದ್ದರಲ್ಲಿ, ದೂರದಲ್ಲೆಲ್ಲೋ ಬಯಲಿನ ಮೇಲೆ ಮಳೆ ಬರುತ್ತಿರುವ ಹಾಗೆ.

ದೋನ್ಕಾ ಇದನ್ನೆಲ್ಲ ನೋಡಿಟ್ಟುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಅವಳು ಹೇಳುವುದೇ ಕಡಿಮೆ. ಹದಿನಾರಕ್ಕೆ ಶಾಲೆ ಬಿಟ್ಟವಳು, ಈಗ ಹತ್ತೊಂಬತ್ತು. ಬೆಳಗಿನ ಜಾವದಿಂದ ಹತ್ತು ಗಂಟೆಯವರೆಗೆ ಬೇಕರಿಯೊಂದರ ಹಿಂದಿನ ಕೋಣೆಯಲ್ಲಿ ಬ್ರೆಡ್ಡುಗಳನ್ನು ಚೀಲಕ್ಕೆ ತುಂಬುವ ಕೆಲಸ. ಅಲ್ಲಿ ಮಾತು ಬೇಕಿಲ್ಲ, ಕೈ ಸಾಕು.

ಕಲ್ಲಿನ ಅಂಗಡಿಯವರು ಬಿಲ್ಲೆಗಳ ಬೆನ್ನಿಗೆ ಹೆಸರಿನ ಚೀಟಿ ಅಂಟಿಸಿದ್ದರು. ಚೀಟಿ ಓದದೆ ದೋನ್ಕಾ ತಾನೇ ಒಂದೊಂದಕ್ಕೆ ಹೆಸರಿಟ್ಟಿದ್ದಳು. ಒಂದು ಆರಿದ ಗಂಜಿ. ಒಂದು ಪಾರಿವಾಳದ ಹೊಟ್ಟೆ. ಇನ್ನೊಂದು, ಉಸಿರು ತಾಗಿದ ಕನ್ನಡಿ. ಆ ಕೊನೆಯದನ್ನು ದಿಟ್ಟಿಸುತ್ತ ನಿಂತರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ.

ಶುಕ್ರವಾರ ಸಂಜೆಯೊಳಗೆ ಈ ಮಾದರಿಗಳಲ್ಲಿ ಯಾವುದಾದರೊಂದನ್ನು ಹೊಸ ಅಡುಗೆಕಟ್ಟೆಗೆ ಆರಿಸಿ ಹೇಳಬೇಕಿತ್ತು. ಬರುವ ಜುಲೈಯಿಂದ ಕಾರ್ಖಾನೆಯಲ್ಲಿ ಮಾಡಿದ ಈ ಕ್ವಾರ್ಟ್ಸ್ ಕಲ್ಲನ್ನು ದೇಶದಲ್ಲಿ ಯಾರೂ ಕೊಯ್ಯುವಂತಿಲ್ಲ, ಯಾರ ಮನೆಯಲ್ಲೂ ಕೂರಿಸುವಂತಿಲ್ಲ ಎಂದು ಕಾನೂನಾಗಿತ್ತು. ಕೊಯ್ಯುವಾಗ ಏಳುವ ಪುಡಿ ಎದೆಯೊಳಗೆ ಹೋಗಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ದೋನ್ಕಾಳ ಅಪ್ಪ ಸ್ಪಾಸೆಯ ಎದೆಯಲ್ಲಿ ಅದು ಕೂತಿತ್ತು. ಹದಿನೆಂಟು ವರ್ಷ ಆ ಕಲ್ಲನ್ನೇ ಕೊಯ್ದವನು ಅವನು. ಈಗ ಅದೇ ಕಲ್ಲು ತನ್ನ ಮನೆಗೆ ಬೇಕು ಎಂದು ಹಟ ಹಿಡಿದಿದ್ದ. ಸುತರಾಂ ಬೇಡ ಎನ್ನುತ್ತಿದ್ದವಳು ಅಮ್ಮ, ಇಲಿಂಕಾ.

ಇದೆಲ್ಲ ಶುರುವಾದದ್ದು ನಲ್ಲಿ ಸೋರಿದ್ದರಿಂದ. ಸಿಂಕಿನ ಕೆಳಗೆ ಯಾರಿಗೂ ಗೊತ್ತಾಗದ ಹಾಗೆ ತಿಂಗಳುಗಟ್ಟಲೆ ನೀರು ತೊಟ್ಟಿಕ್ಕಿ, ಹಳೆಯ ಕಟ್ಟೆಯ ಸನ್ಮೈಕಾ ಉಬ್ಬಿ, ಅಡಿಯ ಹಲಗೆ ಒದ್ದೆ ಬಿಸ್ಕತ್ತಿನಂತೆ ಪುಡಿಯಾಗಿ ಉದುರಿತು. ಅದನ್ನು ಕಿತ್ತು ಹಾಕಿದರು. ಈಗ ಕೋಣೆಯ ನಡುವಿಗೆ ಚಾಚಿದ ಕಪಾಟುಗಳ ಮೇಲೆ ಒಂದು ಉದ್ದನೆಯ ಪ್ಲೈವುಡ್ ಹಲಗೆ ಬಿದ್ದುಕೊಂಡಿತ್ತು. ಅದರಿಂದ ತೊಂದರೆಯೇನೂ ಇರಲಿಲ್ಲ. ಆ ಅಡುಗೆಮನೆಯಲ್ಲಿ ಅಡುಗೆ ಮಾಡುವವರು ಯಾರು?

ಈ ಬೀದಿಯಲ್ಲಿ ಮ್ಯಾಸಿಡೋನಿಯದಿಂದ ಬಂದವರ ಯಾವ ಮನೆಯಲ್ಲೂ ಒಳಗಿನ ಅಡುಗೆಮನೆಯಲ್ಲಿ ಎಣ್ಣೆ ಕಾಯುವುದಿಲ್ಲ. ಒಳಗಿನದು ಇರುವುದು ಒರೆಸುವುದಕ್ಕೆ, ಬಂದವರಿಗೆ ಕಾಫಿ ಕೊಡುವುದಕ್ಕೆ. ನಿಜವಾದ ಒಲೆ ಇರುವುದು ಹಿತ್ತಲಿನ ಕಾರು ಶೆಡ್ಡಿನಲ್ಲಿ. ಕಾರು ಮಾತ್ರ ಬೀದಿಯಲ್ಲಿ ನಿಂತು ಬಿಸಿಲು ಕಾಯುತ್ತದೆ. ಇಲಿಂಕಾಳ ಶೆಡ್ಡಿನಲ್ಲೂ ಎರಡು ಗ್ಯಾಸ್ ಒಲೆ, ಇದ್ದಿಲ ಒಲೆ ಒಂದು, ಹಿಟ್ಟು ಲಟ್ಟಿಸುವ ದೊಡ್ಡ ಮೇಜು, ಗೋಡೆಯುದ್ದಕ್ಕೂ ಉಪ್ಪಿನಕಾಯಿ ಭರಣಿಗಳು, ಮೂಲೆಯಲ್ಲಿ ಒಂದು ಹರಕು ಸೋಫಾ. ಇಪ್ಪತ್ತಮೂರು ವರ್ಷದಿಂದ ಆ ಮನೆಯ ಬದುಕೆಲ್ಲ ನಡೆದದ್ದು ಅಲ್ಲೇ. ದೋನ್ಕಾ ಅಂಬೆಗಾಲಿಟ್ಟದ್ದು, ಅಪ್ಪ ಕೆಲಸದಿಂದ ಬಂದು ಬೂಟು ಬಿಚ್ಚಿದ್ದು, ಜಗಳ, ನಗು, ಎಲ್ಲ.

ಎರಡು ವರ್ಷದ ಹಿಂದೆ ಡಾಕ್ಟರು ಸ್ಪಾಸೆಗೆ ಹೊಗೆ ಬೇಡ, ದೂಳು ಬೇಡ ಎಂದರು. ಶೆಡ್ಡಿನಲ್ಲಿ ಹೊಗೆಯೂ ಇತ್ತು, ಹಿಟ್ಟಿನ ದೂಳೂ ಇತ್ತು. ಅವತ್ತಿನಿಂದ ಅವನು ಒಳಗಿನ ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರತೊಡಗಿದ. ಹಿತ್ತಲಿನ ಅಂಗಳ ಎಂಟು ಹೆಜ್ಜೆ. ಆಚೆ ಕಡೆ ಹೆಂಗಸರ ಮಾತು, ಪಾತ್ರೆಯ ಸದ್ದು. ಈಚೆ ಕಡೆ ಅವನು. ಊಟದ ಹೊತ್ತಿಗೆ ತಟ್ಟೆ ಒಳಗೆ ಬರುತ್ತಿತ್ತು. ತಂದಿಟ್ಟ ಇಲಿಂಕಾ, "ಒಲೆ ಮೇಲಿಟ್ಟು ಬಂದಿದೀನಿ," ಎಂದು ಹಿಂದಕ್ಕೆ ಓಡುತ್ತಿದ್ದಳು.

ಹೋದ ವಾರ ಕಲ್ಲಿನ ಅಂಗಡಿಗೆ ನಾಲ್ಕು ಜನ ಹೋಗಿದ್ದರು. ನಾಲ್ಕನೆಯವಳು ಫಾನಾ, ಸ್ಪಾಸೆಯ ಅಕ್ಕ, ಹಿಂದಿನ ಬೀದಿಯಲ್ಲೇ ಮನೆ. ಯಾರ ಮನೆಯಲ್ಲಿ ಏನು ಕೊಂಡರೂ ಅವಳು ಜೊತೆಗೆ ಇರಲೇಬೇಕು.

ಅಂಗಡಿಯ ಹಿಂದಿನ ಅಂಗಳದಲ್ಲಿ ಚಪ್ಪಡಿಗಳು ಕಬ್ಬಿಣದ ಚೌಕಟ್ಟುಗಳಿಗೆ ಒರಗಿ ಸಾಲುಸಾಲಾಗಿ ನಿಂತಿದ್ದವು. ಒಂದೊಂದೂ ಮೂರು ಮೀಟರು ಉದ್ದ, ಆಳಿಗಿಂತ ಎತ್ತರ. ನಡುವೆ ಇಕ್ಕಟ್ಟಾದ ದಾರಿಗಳು. ದೋನ್ಕಾ ಆ ದಾರಿಗಳಲ್ಲಿ ಒಬ್ಬಳೇ ಸ್ವಲ್ಪ ದೂರ ನಡೆದುಹೋದಳು. ಎರಡೂ ಪಕ್ಕದಲ್ಲಿ ನುಣುಪು ಕಲ್ಲು. ಒಂದರಲ್ಲಿ ಅವಳ ನೆರಳು ಬೆಳ್ಳಗೆ, ಇನ್ನೊಂದರಲ್ಲಿ ಕಪ್ಪಗೆ. ಯಾರದೋ ನಿದ್ದೆಯೊಳಗೆ ಕಾಲಿಟ್ಟಂತೆ ಅವಳ ಮೈ ತಣ್ಣಗಾಯಿತು. ಮಾತಾಡಿದರೆ ಅವೆಲ್ಲ ಎದ್ದುಬಿಡಬಹುದು ಅನ್ನಿಸಿತು. ಆದರೆ ಫಾನಾ ಆಗಲೇ ಮಾತಾಡುತ್ತಿದ್ದಳು.

"ಇಲಿಂಕಾ, ಇಲ್ಲಿ ಬಾರೇ! ಬಿಳಿ ಮೇಲೆ ಚಿನ್ನದ ಗೆರೆ. ದೊಡ್ಡ ಹೋಟೆಲಿನ ಬಾತ್‌ರೂಮಿನ ಹಾಗಿದೆ ನೋಡು."

"ನಾನೇನು ಬಾತ್‌ರೂಮಲ್ಲಿ ಅಡುಗೆ ಮಾಡ್ಲಾ ಫಾನಕ್ಕ?"

"ನೀನು ಮಾಡೋದು ಶೆಡ್ಡಲ್ಲಿ ತಾನೇ. ಒಳಗಿಂದು ನೋಡೋಕೆ. ನೋಡೋಕೆ ಅಂದ್ಮೇಲೆ ಕಣ್ಣು ಕುಕ್ಕಬೇಕಪ್ಪ. ನನ್ನ ಮನೇದು ನೋಡಿದೋರು ಇವತ್ತಿಗೂ ಹೊಟ್ಟೆ ಉರ್ಕೋತಾರೆ."

"ನಿನ್ನ ಮನೇಲಿ ಒಂದು ಲೋಟ ಇಟ್ರೆ ಓಡಿಬಂದು ಒರೆಸ್ತೀಯ. ನೀರು ಕುಡಿಯೋಕೂ ಹೆದರಿಕೆ."

ಅಂಗಡಿಯ ಲಾಮ್ ನಗುತ್ತ ನಿಂತಿದ್ದ. ವಿಯೆಟ್ನಾಮಿನವನು. ಒಂಬತ್ತು ವರ್ಷ ಸ್ಪಾಸೆಯ ಪಕ್ಕದ ಗರಗಸದಲ್ಲಿ ಕಲ್ಲು ಕೊಯ್ದವನು. ಅವನ ಎದೆಯಲ್ಲಿ ಏನೂ ಸಿಕ್ಕಿರಲಿಲ್ಲ. ಆಮೇಲೆ ಗರಗಸ ಬಿಟ್ಟು ಈ ಮಾರಾಟದ ಅಂಗಡಿಗೆ ಬಂದಿದ್ದ. ಸ್ಪಾಸೆಯನ್ನು ಕಂಡಾಗಲೆಲ್ಲ ತನಗೆ ಏನೂ ಆಗಿಲ್ಲವಲ್ಲ ಎಂದು ನಾಚಿಕೊಂಡವನ ಹಾಗೆ ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ದೋನ್ಕಾ ಅದನ್ನೂ ನೋಡಿದ್ದಳು.

"ಸ್ಪಾಸಣ್ಣ, ಕಣ್ಣು ಮುಚ್ಕೋ. ಮರ್ತಿದೀಯೋ ಇಲ್ವೋ ನೋಡೋಣ," ಎಂದ ಲಾಮ್.

ಸ್ಪಾಸೆ ಕಣ್ಣು ಮುಚ್ಚಿ ಚಪ್ಪಡಿಗಳ ಮೇಲೆ ಅಂಗೈ ಆಡಿಸುತ್ತ ನಡೆದ. "ಇದು ಒಳ್ಳೇದು, ತುಂಬಿಕೊಂಡಿದೆ. ಇದು ಅಂಚಲ್ಲಿ ಚಕ್ಕೆ ಏಳುತ್ತೆ. ಹೂಂ, ಇದು ಬದ್ಮಾಶ್, ಗರಗಸ ತಾಗಿದ ಕೂಡ್ಲೇ ಕಿರುಚುತ್ತೆ. ಇದು..." ಅಲ್ಲಿ ನಿಂತ. ಕೆಮ್ಮಲಿಲ್ಲ, ಸುಮ್ಮನೆ ಉಸಿರು ಕೂಡಿಸಿಕೊಂಡ. "ಇದು ಬೆಣ್ಣೆ ಕಣೋ ಲಾಮ್."

ಎಷ್ಟೋ ತಿಂಗಳ ನಂತರ ಅಪ್ಪನ ಮುಖದಲ್ಲಿ ರಕ್ತ ಓಡಾಡಿದ್ದು ದೋನ್ಕಾಗೆ ಕಂಡಿತು.

ಇಲಿಂಕಾ ಬಾಗಿಲ ಬಳಿಯೇ ನಿಂತಿದ್ದಳು. ಕೈಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದಿದ್ದಳು, ಯಾರೋ ಕಿತ್ತುಕೊಳ್ಳುವವರಿದ್ದಾರೆ ಅನ್ನುವ ಹಾಗೆ.

"ಒಂದ್ಸಲ ಕೈ ಇಟ್ಟು ನೋಡೇ," ಎಂದ ಸ್ಪಾಸೆ.

"ನೋಡಿದೀನಿ. ಹದಿನೆಂಟು ವರ್ಷ ನಿನ್ನ ಬಟ್ಟೆ ಒಗ್ದಿದೀನಿ. ಜಾಲಿಸಿದ ನೀರು ಬೆಳ್ಳಗೆ ಹೋಗ್ತಿತ್ತು. ಸುಣ್ಣ ಅನ್ಕೊಂಡಿದ್ದೆ ನಾನು, ದಡ್ಡಿ."

"ಅದು ಕೊಯ್ಯೋವಾಗ ಮಾತ್ರ. ಕಟ್ಟೆಗೆ ಕೂರಿಸಿದ್ಮೇಲೆ ಅದು ಏನೂ ಮಾಡಲ್ಲ. ಮಗು ಇದ್ದ ಹಾಗೆ ಇರುತ್ತೆ."

"ನಿನ್ನ ಎದೇಲಿ ಕೂತಿರೋದು ಸಾಲ್ದಾ ಸ್ಪಾಸೆ? ಅದ್ರ ಮುಖ ನಾನು ಅಡುಗೆಮನೇಲೂ ನೋಡ್ಬೇಕಾ?"

ಲಾಮ್ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಆಚೆ ತಿರುಗಿದ.

"ಈ ಊರಲ್ಲಿ ಎಷ್ಟು ಅಡುಗೆಮನೆಗೆ ಹಾಕಿಕೊಟ್ಟಿದೀನಿ ನಾನು," ಎಂದ ಸ್ಪಾಸೆ, ತಗ್ಗಿದ ದನಿಯಲ್ಲಿ. "ನನ್ನ ಮನೇಲಿ ಉಬ್ಬಿದ ಹಲಗೆ. ಒಂದು ಕಲ್ಲು ಕೇಳ್ದೆ, ಅಷ್ಟೇ. ದೋನ್ಕಾನೇ ಹೇಳ್ಲಿ. ಅವಳು ಯಾವುದು ಅಂತಾಳೋ ಅದು."

"ಹೂಂ, ಅವಳೇ ಹೇಳ್ಲಿ. ಬೇಡ ಅಂತ ಹೇಳ್ಲಿ," ಎಂದಳು ಇಲಿಂಕಾ.

ಮೂರೂ ಜನ ಅವಳ ಕಡೆ ತಿರುಗಿದರು. ದೋನ್ಕಾ ಪಕ್ಕದ ಚಪ್ಪಡಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಕೊನೆಗೆ ಲಾಮ್ ಒಂದು ರಟ್ಟಿನ ಪೆಟ್ಟಿಗೆಗೆ ಹನ್ನೊಂದು ಬಿಲ್ಲೆ ಹಾಕಿ ಅವಳ ಕೈಗೆ ಕೊಟ್ಟ. "ಮನೆ ಬೆಳಕಲ್ಲಿ ಇಟ್ಟು ನೋಡಮ್ಮ. ಬರೋ ವಾರ ಶುಕ್ರವಾರ ಸಂಜೆ ನಾನೇ ಫೋನ್ ಮಾಡ್ತೀನಿ. ಅದಾದ್ಮೇಲೆ ನಮಗೂ ಕೊಯ್ಯೋಕೆ ದಿನ ಉಳಿಯಲ್ಲ."

ಮನೆಗೆ ಬಂದ ಮೇಲೆ ಇಬ್ಬರೂ ಅವಳನ್ನು ಬೇರೆಬೇರೆಯಾಗಿ ಹಿಡಿದುಕೊಂಡರು. ಶೆಡ್ಡಿನಲ್ಲಿ ಅಮ್ಮ ಸೊಪ್ಪು ಬಿಡಿಸುತ್ತ ಹೇಳುತ್ತಿದ್ದಳು, "ಅದ್ರ ಮೇಲೆ ಕೈ ಇಟ್ಟು ನಾನು ಹೆಂಗೆ ಹಿಟ್ಟು ನಾದ್ಲಿ ಹೇಳು. ನೀನು ಬೇಡ ಅಂದ್ರೆ ಅವನು ಕೇಳ್ತಾನೆ. ನಿನ್ನ ಮಾತು ಅಪರೂಪ, ಅದಕ್ಕೆ ಬೆಲೆ ಜಾಸ್ತಿ." ಒಳಗೆ ಅಪ್ಪ ಬಿಲ್ಲೆಗಳಿಗೆ ಪರೀಕ್ಷೆ ಇಡುತ್ತಿದ್ದ. ಒಂದರ ಮೇಲೆ ಬೀಟ್ರೂಟ್ ಹೋಳು, ಒಂದರ ಮೇಲೆ ನಿಂಬೆರಸ, ಒಂದರ ಮೇಲೆ ಮೆಣಸಿನಪುಡಿ ಬೆರೆಸಿದ ಎಣ್ಣೆ. ಗಡಿಯಾರ ನೋಡಿಕೊಂಡು ಒರೆಸುತ್ತಿದ್ದ. "ನೋಡು, ಕಲೆ ಇಲ್ಲ. ನಿಮ್ಮಮ್ಮ ಇದ್ರ ಮೇಲೆ ಏನು ಬೇಕಾದ್ರೂ ಚೆಲ್ಲಬಹುದು. ಹೇಳು ಅವಳಿಗೆ."

ದೋನ್ಕಾ ಇಬ್ಬರಿಗೂ ಹೂಂ ಎಂದಳು.

ಬೆಳಗಿನ ಜಾವ ಬೇಕರಿಗೆ ನಡೆದುಹೋಗುವಾಗ ಅಲ್ಲೊಂದು ಇಲ್ಲೊಂದು ಮನೆಯ ಅಡುಗೆಮನೆಯಲ್ಲಿ ದೀಪ ಹತ್ತುತ್ತಿತ್ತು. ಆ ವಾರವೆಲ್ಲ ಅವಳು ಆ ಕಿಟಕಿಗಳನ್ನು ನೋಡುತ್ತಲೇ ಹೋದಳು. ಎಷ್ಟು ಮನೆಗಳಲ್ಲಿ ಅಪ್ಪ ಕೊಯ್ದ ಕಲ್ಲು ಇದ್ದೀತು! ಗೊತ್ತಿಲ್ಲದ ಒಬ್ಬಳು ಅದರ ಅಂಚಿಗೆ ಮೊಟ್ಟೆ ಒಡೆಯುತ್ತಿರಬಹುದು. ಯಾವುದೋ ಮಗು ಜ್ವರದ ಕೆನ್ನೆಯನ್ನು ಅದರ ತಣುಪಿಗೆ ಒತ್ತಿ ನಿಂತಿರಬಹುದು. ಇಡೀ ಊರು ಮೊಣಕೈ ಊರಿ ಕೂತಿರುವುದು ಅಪ್ಪನ ಉಸಿರಿನ ಮೇಲೆಯೇ ಅನ್ನಿಸುತ್ತಿತ್ತು. ಬಿಳಿ, ಬೂದಿ, ಕಪ್ಪು, ಒಂದಕ್ಕೊಂದು ಅಂಟಿಕೊಂಡು ಬೀದಿಯಿಂದ ಬೀದಿಗೆ ಹಬ್ಬಿದ ಒಂದೇ ದೊಡ್ಡ ಕಲ್ಲು. ಅದರ ಮೇಲೆ ಸಾವಿರಾರು ಕೈಗಳು ಬೆಳಗಿನ ಚಹಾಕ್ಕೆ ಲೋಟ ಇಡುವ ಸಣ್ಣ ಸದ್ದು. ಆ ಸದ್ದನ್ನು ಕೇಳುತ್ತ ನಡೆದು ಒಂದು ದಿನ ಅವಳು ಬೇಕರಿ ದಾಟಿಯೇ ಹೋಗಿಬಿಟ್ಟಿದ್ದಳು.

ಅಪ್ಪ ಕೇಳುವುದು ನ್ಯಾಯ ಅನ್ನಿಸುತ್ತಿತ್ತು. ಶೆಡ್ಡಿಗೆ ಹೋಗಿ ಅಮ್ಮನ ಕೈ ನೋಡಿದರೆ ಅಮ್ಮ ಹೇಳುವುದೂ ನ್ಯಾಯವೇ. ಯಾವ ಬಿಲ್ಲೆಯನ್ನು ಎತ್ತಿಕೊಂಡರೂ ಇನ್ನೊಬ್ಬರು ಸೋಲುತ್ತಿದ್ದರು. ಅಪ್ಪ ಸೋತರೆ, ಈ ಕಿಟಕಿಯ ಪಕ್ಕ ಇನ್ನೆಷ್ಟು ದಿನ ಕೂರುತ್ತಾನೋ ಅಷ್ಟು ದಿನವೂ ಸೋತವನಾಗಿಯೇ ಕೂರಬೇಕಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು.

ಗುರುವಾರ ಮೆಣಸಿನಕಾಯಿ ಸುಡುವ ದಿನ. ಮೂರು ಚೀಲ ಕೆಂಪು ದೊಣ್ಣೆಮೆಣಸಿನಕಾಯಿ ಬಂದಿತ್ತು. ಇದ್ದಿಲಿನ ಮೇಲೆ ಅವುಗಳ ಸಿಪ್ಪೆ ಕರಟಿ, ಸಿಹಿಯೂ ಕಟುವೂ ಆದ ಹೊಗೆ ಅಂಗಳವನ್ನೆಲ್ಲ ತುಂಬಿತು. ಸುಟ್ಟವನ್ನು ಮುಚ್ಚಿಟ್ಟು ಬೆವರಿಸಿ, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ತಾಸುಗಟ್ಟಲೆ ಕಾಯಿಸಿದರೆ ವರ್ಷಕ್ಕಾಗುವಷ್ಟು ಆಯ್ವರ್ ಚಟ್ನಿ. ಫಾನಾ ಸೋಫಾದಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದಳು. ಬಾಯಿಗೂ ಬಿಡುವಿರಲಿಲ್ಲ.

"ನೀನು ಹೀಗೆ ಸುಲಿದ್ರೆ ಕ್ರಿಸ್‌ಮಸ್‌ಗೆ ಮುಗಿಯುತ್ತೆ ದೋನ್ಕಾ. ಮದ್ವೆ ಮಾಡ್ಕೊಂಡು ಹೋದ್ಮೇಲೆ ಅತ್ತೆ ಏನಂತಾಳೆ? ನೀನು ಕಲೀಲಿಲ್ಲ ಅನ್ನಲ್ಲ, ಫಾನಾ ಏನೂ ಕಲಿಸಿಲ್ಲ ಅಂತಾಳೆ."

"ಫಾನಕ್ಕ, ನೀನು ಸುಲಿದಿದ್ರಲ್ಲಿ ಅರ್ಧ ಸಿಪ್ಪೆ ಹಾಗೇ ಇದೆ," ಎಂದಳು ಇಲಿಂಕಾ.

"ಅದು ರುಚಿಗೆ ಬಿಟ್ಟಿರೋದು!"

ಕಾಫಿ ಕಾಯಿಸಿಕೊಂಡು ದೋನ್ಕಾ ಒಳಗೆ ಹೋದಳು. ಹೊಗೆ ಬರದಿರಲಿ ಎಂದು ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದರು. ಒಳಗೆ ನೀರಿನ ಅಡಿಯಲ್ಲಿರುವಂಥ ನಿಶ್ಶಬ್ದ. ಅಪ್ಪ ಬಗ್ಗಿ ಏನೋ ಮಾಡುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ನೋಡಿದಳು.

ಪ್ಲೈವುಡ್ ಹಲಗೆಯ ಸುತ್ತ ಅವನು ನಾಲ್ಕು ಸ್ಟೂಲು ತಂದು ಹಾಕಿದ್ದ. ಕಿಟಕಿಯ ದಂಡೆಯಿಂದ ನಾಲ್ಕು ಬಿಲ್ಲೆ ತೆಗೆದು ಒಂದೊಂದು ಸ್ಟೂಲಿನ ಎದುರಿಗೆ ಒಂದೊಂದು ಇಟ್ಟಿದ್ದ. ಆಮೇಲೆ ಒಂದು ಸ್ಟೂಲನ್ನು ಸ್ವಲ್ಪ ಸರಿಸಿದ, ದೂರ ನಿಂತು ನೋಡಿದ, ಮತ್ತೆ ಸರಿಸಿದ.

"ಅಪ್ಪ?"

ಕದ್ದು ಸಿಕ್ಕಿಬಿದ್ದವನಂತೆ ನಕ್ಕ. "ಬಾ ಬಾ. ಅಳತೆ ನೋಡ್ತಿದ್ದೆ. ನಿಮ್ಮಮ್ಮ ಇಲ್ಲಿ ನಿಂತ್ಕೋತಾಳೆ, ಒಲೆಗೆ ಹತ್ತಿರ. ಅವಳಿಗೆ ಇದು, ಬೂದಿ ಬಣ್ಣದ್ದು, ಕಣ್ಣಿಗೆ ತಂಪು. ಫಾನಾ ಅಲ್ಲಿ ಕೂತು ಬಾಯಿ ಬಡೀತಾಳೆ. ಅವಳಿಗೆ ಆ ಚಿನ್ನದ ಗೆರೆದು. ನೀನು ಈ ಕಡೆ. ನಾನು ಇಲ್ಲಿ." ತನ್ನ ಸ್ಟೂಲಿನ ಮೇಲೆ ಕೂತ. ಎರಡು ಸಲ ಉಸಿರೆಳೆದುಕೊಂಡ. "ಕಲ್ಲು ಚೆನ್ನಾಗಿದ್ರೆ ಬರ್ತಾಳೆ, ಅಲ್ವಾ? ಹಳೇ ಕಟ್ಟೆ ಚೆನ್ನಾಗಿರ್ಲಿಲ್ಲ. ಅದಕ್ಕೇ ಅವಳು ಒಳಗೆ ಮಾಡ್ತಿರ್ಲಿಲ್ಲ."

ಹಳೇ ಕಟ್ಟೆ ಹೊಸದಾಗಿದ್ದಾಗಲೂ ಅಮ್ಮ ಒಳಗೆ ಮಾಡಿರಲಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು.

ದೋನ್ಕಾ ಕಾಫಿ ಇಟ್ಟಳು. ಅಪ್ಪ ಕಿಟಕಿಯ ಗಾಜಿನಾಚೆ ನೋಡುತ್ತಿದ್ದ. ಹೊಗೆಯ ಹಿಂದೆ ಶೆಡ್ಡಿನಲ್ಲಿ ಕೆಂಪು ಕೈಗಳು ಆಡುತ್ತಿದ್ದವು. ಫಾನಾ ಏನೋ ಹೇಳಿ, ಅಮ್ಮ ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗು ಒಳಗೆ ಕೇಳಿಸಲಿಲ್ಲ. ಆದರೂ ಅಪ್ಪ ಜೊತೆಗೆ ನಕ್ಕ.

ಹತ್ತು ದಿನದಿಂದ ಯಾವ ಕಲ್ಲು, ಯಾವ ಬಣ್ಣ ಎಂದು ದೋನ್ಕಾ ಕಣ್ಣು ನೋಯಿಸಿಕೊಂಡಿದ್ದಳು. ಅಪ್ಪ ಬಣ್ಣ ನೋಡುತ್ತಿರಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಇಲಿಂಕಾ ಶೆಡ್ಡಿನಲ್ಲಿ ಜೆಲ್ನಿಕ್ ರೊಟ್ಟಿಗೆ ಕಣಕ ಕಲಸಿ ಇಟ್ಟಿದ್ದಳು. ಈಸ್ಟರ್ ಮುಂಚಿನ ಉಪವಾಸದ ದಿನಗಳು. ಚೀಸ್ ಇಲ್ಲ, ಬೆಣ್ಣೆ ಇಲ್ಲ. ಸೊಪ್ಪು, ಈರುಳ್ಳಿ, ಎಣ್ಣೆ ಅಷ್ಟೇ. ಕಣಕವನ್ನು ಕಾಗದಕ್ಕಿಂತ ತೆಳ್ಳಗೆ ಲಟ್ಟಿಸಿ, ಸೊಪ್ಪು ಹರಡಿ, ಹಾವಿನ ಹಾಗೆ ಸುತ್ತಿ ತಟ್ಟೆಯಲ್ಲಿ ಬೇಯಿಸಬೇಕು. ಅವಳು ಮೇಜಿಗೆ ಹಿಟ್ಟು ಉದುರಿಸಲು ಡಬ್ಬಿ ತೆಗೆಯುವಷ್ಟರಲ್ಲಿ ದೋನ್ಕಾ ಕಣಕದ ಬೋಗುಣಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಏಯ್, ಎಲ್ಲಿಗೆ?"

"ಒಳಗೆ."

"ಒಳಗೆ ಏನು?"

ದೋನ್ಕಾ ಆಗಲೇ ಅಂಗಳದಲ್ಲಿದ್ದಳು. ತನ್ನ ಕಾಲುಗಳು ತನ್ನನ್ನು ಕೇಳದೆ ನಡೆಯುತ್ತಿವೆ ಅನ್ನಿಸುತ್ತಿತ್ತು. ಎಂಟು ಹೆಜ್ಜೆ ಅವತ್ತು ಬಹಳ ಉದ್ದವಿತ್ತು. ನಿಂಬೆಗಿಡ, ಒಣಗಲು ಹಾಕಿದ ಬಟ್ಟೆ, ಬೆಕ್ಕು, ಎಲ್ಲ ದೊಡ್ಡದಾಗಿ ಸ್ಪಷ್ಟವಾಗಿ ಒಂದೊಂದಾಗಿ ಹಿಂದಕ್ಕೆ ಹೋದವು. ಹಿಂದಿನಿಂದ ಅಮ್ಮನ ಚಪ್ಪಲಿಯ ಸದ್ದು.

"ತಲೆ ಕೆಟ್ಟಿದೆಯಾ ನಿಂಗೆ? ಒಳ್ಳೇ ಅಡುಗೆಮನೆ ಎಣ್ಣೆ ಮಾಡ್ಬಿಡ್ತೀಯ! ಕರ್ಟನ್‌ಗೆಲ್ಲ ಈರುಳ್ಳಿ ವಾಸನೆ ಹಿಡಿದ್ರೆ ಒಗೆಯೋರು ಯಾರು?"

ಹೊಸ್ತಿಲ ಬಳಿ ದೋನ್ಕಾ ತಿರುಗಿ ನಿಂತಳು. ಬೋಗುಣಿ ಭಾರವಾಗಿತ್ತು.

"ಅಮ್ಮ, ಅಪ್ಪ ಅಲ್ಲಿ ನಾಲ್ಕು ಸ್ಟೂಲು ಹಾಕ್ಕೊಂಡು ಕೂತಿದ್ದಾನೆ," ಎಂದಳು. ಬೋಗುಣಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಎರಡು ವರ್ಷದಿಂದ ಒಬ್ನೇ ಕೂತಿದ್ದಾನೆ. ಕಲ್ಲು ಹಾಕ್ಸಿದ್ರೆ ನೀನು ಒಳಗೆ ಬರ್ತೀಯ ಅಂತ ಅನ್ಕೊಂಡಿದ್ದಾನೆ."

ಇಲಿಂಕಾ ಹಿಂದೆ ತಿರುಗಿ ಶೆಡ್ಡನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಕಿಟಕಿಯಿಂದ ಶೆಡ್ಡು ಎಷ್ಟು ದೂರ ಎಂದು ಮೊದಲ ಸಲ ಅಳೆದವಳ ಹಾಗೆ ಎರಡು ಮೂರು ಸಲ ನೋಡಿದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು.

ಸ್ಪಾಸೆ ಸ್ಟೂಲಿನಿಂದ ಎದ್ದ. "ಏನಾಯ್ತು? ಗ್ಯಾಸ್ ಮುಗೀತಾ?"

"ಗ್ಯಾಸ್ ಇದೆ. ಏನು, ನನ್ನ ಮನೇಗೆ ನಾನು ಬರ್ಬಾರ್ದಾ?" ಪ್ಲೈವುಡ್ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಒಣ ಬಟ್ಟೆಯಿಂದ ಒರೆಸಿದಳು. ಅದರ ಮೇಲೆ ಒಂದು ಬಿಳಿ ಮೇಲುಹಾಸು ಹರಡಿದಳು. ದೋನ್ಕಾ ಶೆಡ್ಡಿನಿಂದ ಹಿಟ್ಟಿನ ಡಬ್ಬಿ, ಲಟ್ಟಣಿಗೆ ತಂದು ಇಟ್ಟಳು. ಇಲಿಂಕಾ ಡಬ್ಬಿಯ ಮುಚ್ಚಳ ತೆಗೆದಳು. ಕೈ ಹಾಕಿದಳು. ಗಂಡನ ಕಡೆ ಒಮ್ಮೆ ನೋಡಿ, ಹಿಡಿದಿದ್ದ ಹಿಟ್ಟನ್ನು ದೂಳೇಳದ ಹಾಗೆ ಮೆಲ್ಲಗೆ ಡಬ್ಬಿಯೊಳಕ್ಕೇ ಬಿಟ್ಟಳು. ಮುಚ್ಚಳ ಬಿಗಿ ಮಾಡಿದಳು.

"ಇದನ್ನ ತಗೊಂಡು ಹೋಗಿ ಎಣ್ಣೆ ತಾ," ಎಂದಳು ಮಗಳಿಗೆ. "ಇವತ್ತು ಲಟ್ಟಿಸಲ್ಲ. ಎಣ್ಣೆ ಹಚ್ಚಿ ಕೈಯಲ್ಲೇ ಎಳೀತೀನಿ, ನಮ್ಮಜ್ಜಿ ಮಾಡ್ತಿದ್ದ ಹಾಗೆ."

ಕೈಯಲ್ಲಿ ಎಳೆಯುವುದಕ್ಕೆ ಇಬ್ಬರಾದರೂ ಬೇಕು. ಅಮ್ಮ ಯಾರನ್ನೂ ಕರೆಯಲಿಲ್ಲ. ಎಣ್ಣೆ ಸವರಿದ ಕಣಕವನ್ನು ಹಾಸಿನ ನಡುವೆ ಇಟ್ಟು, ಅಂಗೈ ಕೆಳಗೆ ತೂರಿಸಿ ತನ್ನ ಕಡೆಗೆ ಎಳೆಯತೊಡಗಿದಳು. ಕಣಕ ಒಂದೇ ಕಡೆ ವಾಲಿತು.

"ಸುಮ್ನೆ ನಿಂತ್ಕೊಂಡು ನೋಡ್ತೀಯಲ್ಲ," ಎಂದಳು ತಲೆ ಎತ್ತದೆ. "ಆ ಕಡೆ ಹಿಡಿ."

ಸ್ಪಾಸೆ ಕೈ ತೊಳೆದುಕೊಂಡು ಬಂದ. ಎಣ್ಣೆ ಹಚ್ಚಿಕೊಂಡ. ಬೆರಳುಗಳನ್ನು ಕಣಕದ ಕೆಳಗೆ ತೂರಿಸಿದ. ಕಣ್ಣು ತಾವಾಗಿ ಮುಚ್ಚಿಕೊಂಡವು.

"ನಿಧಾನ. ಕಲ್ಲಲ್ಲ ಅದು, ಹರಿಯುತ್ತೆ."

"ಗೊತ್ತಾಗ್ತಿದೆ. ಇಲ್ಲಿ ಇನ್ನೂ ದಪ್ಪ ಇದೆ. ಹಾಂ, ಈಗ ಬಂತು."

ದೋನ್ಕಾ ಒಂದು ಮೂಲೆಯಲ್ಲಿ ನಿಂತು ಅಂಚನ್ನು ಬಿಡಿಸಿ ಕೊಡುತ್ತಿದ್ದಳು. ಕಣಕ ಹರಡುತ್ತ ಹೋಯಿತು. ಮೊದಲು ಹಾಲಿನ ಕೆನೆಯಂತಿತ್ತು, ಆಮೇಲೆ ಮಂಜಿನಂತೆ. ಆಮೇಲೆ ಅದು ಇದೆಯೋ ಇಲ್ಲವೋ ಎಂಬಷ್ಟಾಯಿತು. ಅದರ ಕೆಳಗೆ ಅಪ್ಪನ ಬೆರಳು ಒಂದು ಕಡೆಯಿಂದ, ಅಮ್ಮನ ಬೆರಳು ಇನ್ನೊಂದು ಕಡೆಯಿಂದ ನೀರೊಳಗಿನ ಮೀನಿನಂತೆ ಓಡಾಡುತ್ತಿದ್ದದ್ದು ಕಾಣುತ್ತಿತ್ತು. ಎದುರುಮನೆಯ ಮಾಡಿನ ಬೆಳಕು ಒಳಗೆ ಬಂತು.

ಅಷ್ಟರಲ್ಲಿ ಸ್ಪಾಸೆಯ ಫೋನು ಹೊಡೆದುಕೊಂಡಿತು. ಲಾಮ್. ಇಬ್ಬರ ಕೈಯೂ ಕಣಕದ ಕೆಳಗೆ, ಮೊಣಕೈವರೆಗೆ ಎಣ್ಣೆ.

"ತಗೋ ದೋನ್ಕಾ," ಎಂದ ಅಪ್ಪ.

ಫೋನು ಬಂದರೆ ಇನ್ನೊಂದು ಕೋಣೆಗೆ ಹೋಗಿಬಿಡುವ ಹುಡುಗಿ ಅದನ್ನು ಎತ್ತಿಕೊಂಡು ಕಿವಿಗಿಟ್ಟಳು. "ಲಾಮಣ್ಣ, ಒಂದು ನಿಮಿಷ," ಎಂದು ಇಬ್ಬರ ಮುಖವನ್ನೂ ನೋಡಿದಳು.

ಇಲಿಂಕಾ ಕಣಕದ ಅಂಚಿನಿಂದ ಕಣ್ಣು ತೆಗೆಯಲಿಲ್ಲ. "ಹೂಂ ಅನ್ನು," ಎಂದಳು. "ಆ ಬೂದಿ ಬಣ್ಣದ್ದು. ಹಾಕ್ಲಿ. ಅಭ್ಯಾಸ ಮಾಡ್ಕೋತೀನಿ."

ಸ್ಪಾಸೆ ಕೈ ನಿಲ್ಲಿಸಿದ. "ಇಲ್ಲೇ ಮಾಡ್ತೀಯಾ?"

"ಮಾಡ್ತಾನೇ ಇದೀನಲ್ಲ, ಕಣ್ಣಿಲ್ವಾ?"

"ದಿನಾ?"

"ಮೆಣಸಿನಕಾಯಿ ಸುಡೋದೊಂದು ಬಿಟ್ಟು. ಕರ್ಟನ್ ನೀನು ಒಗಿ."

ಸ್ಪಾಸೆ ಕಿಟಕಿಯ ಕಡೆ ನೋಡಿದ. ಕಲ್ಲಿನ ಬಿಲ್ಲೆಗಳನ್ನು ಅವನು ನೋಡಲಿಲ್ಲ, ಆಚೆ ಅಂಗಳದಲ್ಲಿ ಏನೋ ಹುಡುಕುವವನಂತೆ ನೋಡಿದ. "ಹಾಗಾದ್ರೆ ಬೇಡ ಬಿಡು," ಎಂದ. "ನಮಗೋಸ್ಕರ ಆ ಗರಗಸದ ಮುಂದೆ ಇನ್ಯಾರೋ ನಿಲ್ಲೋದು ಯಾಕೆ? ಮರ ಹಾಕ್ಲಿ. ಕಣಕಕ್ಕೆ ಮರಾನೇ ಒಳ್ಳೇದು."

"ಇದನ್ನ ಹತ್ತು ದಿನದ ಹಿಂದೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಹತ್ತು ದಿನದ ಹಿಂದೆ ಒಳಗೆ ಬಂದಿದ್ಯಾ?"

ಇಲಿಂಕಾ ಮುಖ ತಗ್ಗಿಸಿ ಎಣ್ಣೆಯ ಮಣಿಕಟ್ಟಿನಿಂದ ಕೆನ್ನೆ ಒರೆಸಿಕೊಂಡಳು. ಕೆನ್ನೆಗೂ ಎಣ್ಣೆಯಾಯಿತು.

"ಲಾಮಣ್ಣ," ಎಂದಳು ದೋನ್ಕಾ ಫೋನಿಗೆ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಬೆರಗು. "ಕಲ್ಲು ಬೇಡ. ಮರದ್ದು ಹಾಕ್ತೀವಿ. ದಪ್ಪ ಹಲಗೆ, ಎರಡು ಮೀಟರ್ ಎಂಬತ್ತು ಉದ್ದ. ನಡುವೆ ಕೂಡುಗೆರೆ ಇರ್ಬಾರ್ದು. ಯಾರ ಹತ್ರ ಸಿಗುತ್ತೆ ಹೇಳ್ತೀರಾ?"

ಆ ಕಡೆ ಲಾಮ್ ಭಾರ ಇಳಿಸಿದವನ ಹಾಗೆ ಉಸಿರು ಬಿಟ್ಟು, "ಹೇಳ್ತೀನಮ್ಮ, ನಾಳೇನೇ ಹೇಳ್ತೀನಿ. ಎಲ್ಲಿ ಸ್ಪಾಸಣ್ಣ? ಏನ್ಮಾಡ್ತಿದ್ದಾನೆ?" ಎಂದ.

"ಅಮ್ಮನ ಜೊತೆ ಕಣಕ ಎಳೀತಿದ್ದಾನೆ," ಎಂದಳು.

ಫೋನಿಟ್ಟು ಅವಳು ತನ್ನ ಮೂಲೆಗೆ ಬಂದಳು. ಕಣಕ ಹಲಗೆಯ ಅಂಚು ದಾಟಿ ಎರಡೂ ಬದಿಗೆ ಇಳಿಬಿದ್ದಿತ್ತು. ಇನ್ನು ಒಂದು ಸುತ್ತು ಎಳೆದರೆ ಮುಗಿಯುತ್ತಿತ್ತು. ಆದರೆ ಅಪ್ಪನಿಗೆ ಉಸಿರು ಸಾಲಲಿಲ್ಲ. ಅವನು ನಿಂತ, ಬಾಯಿ ಸ್ವಲ್ಪ ತೆರೆದು, ಬೆರಳುಗಳನ್ನು ಹಾಗೇ ಕೆಳಗಿಟ್ಟುಕೊಂಡು. ಅಮ್ಮ ತಾನೂ ಎಳೆಯುವುದನ್ನು ನಿಲ್ಲಿಸಿ ತನ್ನ ಕಡೆಯ ಅಂಚನ್ನು ಹರಿಯದಂತೆ ಮೇಲೆತ್ತಿ ಹಿಡಿದು ಕಾದಳು. ದೋನ್ಕಾ ತನ್ನ ಮೂಲೆಯನ್ನು ಹಿಡಿದಳು. ಮೂವರ ನಡುವೆ ಅದು ಗಾಳಿಯಲ್ಲಿ ಸಣ್ಣಗೆ ಅದುರುತ್ತಿತ್ತು, ಅಪ್ಪನ ಉಸಿರಿಗೆ ಸರಿಯಾಗಿ ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತ. ಸ್ವಲ್ಪ ಹೊತ್ತಾದ ಮೇಲೆ ಅವನು ತಲೆಯಾಡಿಸಿದ. ಮತ್ತೆ ಎಳೆಯತೊಡಗಿದರು.